ಗಾಲಿಯ ಮೇಲಿನ ಮನೆಯಲ್ಲಿ ವಿದ್ಯುತ್ ಸುರಕ್ಷತೆ



'ಟೆಂಪೋ' ಎಂಬ ಪದವು ಕನ್ನಡದಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ಮೂಲತಃ ಜರ್ಮನಿಯ ಹ್ಯಾಂಬರ್ಗ್ ನಗರದ ವಾಹನ ಕಾರ್ಖಾನೆಯೊಂದರ ವ್ಯಾಪಾರನಾಮವಾಗಿತ್ತೆಂಬುದನ್ನು ನೆನೆಯುವವರು ವಿರಳ. ಆ ಹೆಸರಿನ ಮೂರು ಚಕ್ರದ ವಾಹನಗಳನ್ನು ಭಾರತದಲ್ಲಿ ತಯಾರಿಸಲು 1958ರಲ್ಲಿ ಆರಂಭವಾದ ಬಜಾಜ್ ಟೆಂಪೋ ಸಂಸ್ಥೆಯು ಮುಂದೆ ಪುಣೆಯ ಬಳಿಯ ಆಕುರ್ಡಿಯಲ್ಲಿ ನೆಲೆಗೊಂಡಿತು. 2005ರಿಂದ ಅದಕ್ಕೆ ಫೋರ್ಸ್ ಮೋಟರ್ಸ್ ಎಂದು ಹೆಸರು. 1980ರ ದಶಕದಲ್ಲಿ ಅಲ್ಲಿಂದ ಹೊರಬಂದ 'ಟ್ರಾವೆಲರ್' ವಾಹನವು ಶಾಲೆ, ಕಚೇರಿ, ಯಾತ್ರೆ, ಆಸ್ಪತ್ರೆ ಎಲ್ಲಕ್ಕೂ ಒದಗಿತು. ಹತ್ತು ಹನ್ನೆರಡು ವರ್ಷ ದುಡಿದ ಇಂತಹ ವಾಹನವನ್ನು ಕೊಂಡು, ಆಸನಗಳನ್ನು ತೆಗೆಸಿ, ಮಂಚ, ಒಲೆ, ನೀರಿನ ತೊಟ್ಟಿ, ಫ್ಯಾನು, ದೀಪಗಳನ್ನು ಅಳವಡಿಸಿ 'ಕ್ಯಾರವಾನ್' ಮಾಡಿಕೊಳ್ಳುವ ಅಭಿರುಚಿ ಈಗ ಬೆಳೆಯುತ್ತಿದೆ. ಮಹಾರಾಷ್ಟ್ರ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿದ ನಂತರ ಹಳೆಯ ಕ್ಯಾರವಾನ್‌ಗಳೂ ಕೈಯಿಂದ ಕೈಗೆ ಹೋಗತೊಡಗಿವೆ.

ಹೊಸದಾಗಿ ತಯಾರಾಗುವ ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನಕವಿದೆ. ಇಂತಹ ಮಾನಕಗಳ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸುವ ಭಾರತೀಯ ವಾಹನ ಸಂಶೋಧನಾ ಸಂಘವು 1966ರಲ್ಲಿ ಸ್ಥಾಪನೆಯಾಗಿ ಪುಣೆಯ ಕೋಥರೂಡಿನಲ್ಲಿಯೇ ಕಾರ್ಯ ನಿರ್ವಹಿಸುತ್ತಿದೆ. ಆದರೆ ಮೂರನೆಯ ಒಡೆಯನ ಕೈಗೆ ಬಂದ ವಾಹನದಲ್ಲಿ ಮೊದಲನೆಯವನು ಹಾಕಿಸಿದ ತಂತಿ ಯಾವುದು, ಎರಡನೆಯವನು ಕೂಡಿಸಿದ್ದು ಯಾವುದು ಎಂಬುದು ಯಾವ ಕಾಗದದಲ್ಲಿಯೂ ಇರುವುದಿಲ್ಲ. ಬಣ್ಣ, ಪರದೆ, ಹಾಸಿಗೆಗಳನ್ನು ನೋಡಿ ಬೆಲೆ ಕಟ್ಟುವುದು ವಾಡಿಕೆ. ಹಲಗೆಯ ಹಿಂದಿರುವುದನ್ನು ನೋಡುವವರು ಕಡಿಮೆ.

ಕ್ಯಾರವಾನಿನಲ್ಲಿ ಎರಡು ಬಗೆಯ ವಿದ್ಯುತ್ತು ಹರಿಯುತ್ತದೆ. ಬ್ಯಾಟರಿಯಿಂದ ಬರುವ 12 ವೋಲ್ಟಿನ ನೇರ ವಿದ್ಯುತ್ತು ಒಂದು. ಹೊರಗಿನಿಂದ ಕೇಬಲ್ ಮೂಲಕ ಅಥವಾ ಒಳಗಿನ ಇನ್ವರ್ಟರಿನಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತು ಇನ್ನೊಂದು. ಹನ್ನೆರಡು ವೋಲ್ಟಿನ ತಂತಿಯನ್ನು ಮುಟ್ಟಿದರೆ ಏನೂ ಆಗುವುದಿಲ್ಲವಾದ್ದರಿಂದ ಅದರ ವಿಷಯದಲ್ಲಿ ಜನರಿಗೆ ಭಯವಿಲ್ಲ. ಆದರೆ ಬೆಂಕಿ ಹೊತ್ತುವುದು ಹೆಚ್ಚಾಗಿ ಅಲ್ಲಿಂದಲೇ. ಲೆಕ್ಕ ಸರಳವಾಗಿದೆ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯು 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಅದನ್ನೇ ಇನ್ವರ್ಟರಿನ ಮೂಲಕ ನಡೆಸಿದಾಗ 12 ವೋಲ್ಟಿನ ಬ್ಯಾಟರಿಯಿಂದ 83 ಆಂಪಿಯರ್, ಇನ್ವರ್ಟರಿನ ನಷ್ಟವೂ ಸೇರಿದರೆ ನೂರರ ಸಮೀಪ, ಹರಿಯಬೇಕು. ಮನೆಯ ದೀಪಕ್ಕೆ ಸಾಕಾಗುವ ತೆಳುವಾದ ತಂತಿ ಈ ಪ್ರವಾಹಕ್ಕೆ ಕಾದು ಕರಗುತ್ತದೆ. ಎರಡು ಧ್ರುವಗಳು ನೇರವಾಗಿ ಕೂಡಿಕೊಂಡರಂತೂ ಒಳ್ಳೆಯ ಬ್ಯಾಟರಿಯೊಂದು ನೂರಾರು ಆಂಪಿಯರ್‌ಗಳನ್ನು ಒಮ್ಮೆಗೇ ಹೊರಹಾಕಬಲ್ಲದು. ಆದಕಾರಣ ಬ್ಯಾಟರಿಯ ಧನಧ್ರುವಕ್ಕೆ ತೀರ ಹತ್ತಿರದಲ್ಲಿ, ಒಂದು ಗೇಣಿನೊಳಗೆ, ಮುಖ್ಯ ಫ್ಯೂಸ್ ಇರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಣ ತಂತಿಗೆ ರಕ್ಷಣೆಯೆಂಬುದೇ ಇರುವುದಿಲ್ಲ.

ಇನ್ನು 230 ವೋಲ್ಟಿನ ಅಪಾಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಕ್ಯಾರವಾನಿನಲ್ಲಿ ಅದು ಮನೆಯಲ್ಲಿದ್ದಂತೆ ವರ್ತಿಸುವುದಿಲ್ಲ. ತಗಡಿನ ರಂಧ್ರವೊಂದರ ಅಂಚಿಗೆ ಉಜ್ಜಿ ಉಜ್ಜಿ ಫೇಸ್ ತಂತಿಯ ಹೊದಿಕೆ ಸವೆದು, ಅದು ವಾಹನದ ಲೋಹದ ಒಡಲಿಗೆ ತಾಗಿದೆಯೆಂದು ಭಾವಿಸೋಣ. ಅರ್ಥಿಂಗ್ ತಂತಿ ಸರಿಯಾಗಿದ್ದರೆ ಆ ಕ್ಷಣವೇ ದೊಡ್ಡ ಪ್ರವಾಹ ಹರಿದು ಫ್ಯೂಸ್ ಕಡಿಯುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಅರ್ಥಿಂಗ್ ತಂತಿ ಎಲ್ಲಿಯೋ ತುಂಡಾಗಿದ್ದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಇಲ್ಲಿನ ಅಪಾಯ. ರಬ್ಬರಿನ ಟಯರುಗಳು ವಾಹನವನ್ನು ನೆಲದಿಂದ ಬೇರ್ಪಡಿಸಿರುವುದರಿಂದ ಇಡೀ ಒಡಲು 230 ವೋಲ್ಟಿನಲ್ಲಿ ಸುಮ್ಮನೆ ನಿಂತಿರುತ್ತದೆ. ಒಳಗೆ ಕುಳಿತವರಿಗೆ, ತಂತಿಯ ಮೇಲೆ ಕುಳಿತ ಗುಬ್ಬಿಗೆ ಹೇಗೋ ಹಾಗೆ, ಯಾವ ಸೂಚನೆಯೂ ಸಿಗುವುದಿಲ್ಲ. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಮಗುವೊಂದು ಬಾಗಿಲ ಹಿಡಿಕೆಯನ್ನು ಹಿಡಿದು ಒದ್ದೆ ನೆಲಕ್ಕೆ ಬರಿಗಾಲನ್ನು ಊರಿದಾಗ ಪ್ರವಾಹಕ್ಕೆ ದಾರಿ ದೊರೆಯುತ್ತದೆ. ಒದ್ದೆಯಾದ ದೇಹದ ರೋಧವನ್ನು ಸುಮಾರು 1000 ಓಮ್ ಎಂದು ಎಣಿಸಿದರೂ ಹರಿಯುವ ಪ್ರವಾಹ 230 ಮಿಲಿಆಂಪಿಯರ್. ಇದರ ಸಣ್ಣ ಭಾಗವೂ ಹೃದಯದ ಬಡಿತವನ್ನು ಕದಡಲು ಸಾಕು.

ಪುಣೆಯ ಸುತ್ತಲಿನ ಪ್ರಯಾಣಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಲೋಣಾವಳಾ, ಮುಳಶಿ, ತಾಮ್ಹಿಣಿ ಘಾಟ್‌ಗಳಿಗೆ ಜನ ಹೋಗುವುದೇ ಮಳೆಗಾಲದಲ್ಲಿ. ಜ್ಯೇಷ್ಠದಲ್ಲಿ ಆಳಂದಿ ಮತ್ತು ದೇಹುಗಳಿಂದ ಪಂಢರಪುರಕ್ಕೆ ಹೊರಡುವ ಪಾಲಖಿಗಳ ಜೊತೆಗೆ ಸಾಮಾನು ಹೊತ್ತು ಸಾಗುವ ವಾಹನಗಳ ಸುತ್ತಲೂ ರಾತ್ರಿ ಕೆಸರಿನಲ್ಲಿಯೇ ಬಿಡಾರ ಹೂಡಬೇಕಾಗುತ್ತದೆ. ಇಂತಹ ಕಡೆ ಢಾಬಾದಿಂದಲೋ ಪಕ್ಕದ ಅಂಗಡಿಯಿಂದಲೋ ಎರಡೇ ಎಳೆಯ ತಂತಿಯಲ್ಲಿ ವಿದ್ಯುತ್ ತಂದರೆ ಅರ್ಥಿಂಗ್ ಅಲ್ಲಿಯೇ ಕಡಿದುಹೋಯಿತೆಂದು ತಿಳಿಯಬೇಕು. ಕೇಬಲ್ ಮೂರು ಎಳೆಯದಾಗಿರಬೇಕು, 16 ಆಂಪಿಯರ್‌ಗಾದರೆ 2.5 ಚದರ ಮಿಲಿಮೀಟರಿಗಿಂತ ಕಡಿಮೆಯದಾಗಿರಬಾರದು, ನಡುವೆ ಗಂಟು ಜೋಡಣೆ ಇರಬಾರದು. ಚಕ್ರಕ್ಕೆ ಸುತ್ತಿದ ಕೇಬಲನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಸುತ್ತಿಕೊಂಡಿರುವ ಕೇಬಲಿನ ಶಾಖ ಹೊರಹೋಗದೆ ಹೊದಿಕೆ ಮೆತ್ತಗಾಗುತ್ತದೆ.

ಅರ್ಥಿಂಗಿನ ಜೊತೆಗೆ ಬೇಕಾದ ಎರಡನೆಯ ಕಾವಲುಗಾರ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್‌ನಲ್ಲಿ ಮರಳಿ ಬರುತ್ತಿದೆಯೇ ಎಂಬುದನ್ನು ಅದು ಎಡೆಬಿಡದೆ ತೂಗಿ ನೋಡುತ್ತದೆ. ವ್ಯತ್ಯಾಸವು 30 ಮಿಲಿಆಂಪಿಯರ್ ತಲುಪುವುದರೊಳಗೆ, ಕ್ಷಣಾರ್ಧಕ್ಕಿಂತ ಕಡಿಮೆ ಅವಧಿಯಲ್ಲಿ, ಸಂಪರ್ಕವನ್ನು ಕಡಿಯುತ್ತದೆ. ಕ್ಯಾರವಾನಿಗೆ 30 ಮಿಲಿಆಂಪಿಯರಿನದೇ ಇರಬೇಕು; 100 ಅಥವಾ 300 ಎಂದು ಬರೆದಿರುವುದು ಮನುಷ್ಯನ ಪ್ರಾಣರಕ್ಷಣೆಗೆ ತಕ್ಕುದಲ್ಲ. ಅದರ ಮೇಲಿನ 'ಟಿ' ಗುಂಡಿಯನ್ನು ಪ್ರತಿ ಪ್ರವಾಸಕ್ಕೂ ಮೊದಲು ಒತ್ತಿ ನೋಡುವುದು ಒಳ್ಳೆಯದು. ಆದರೆ ಆ ಗುಂಡಿಯು ಉಪಕರಣವನ್ನು ಪರೀಕ್ಷಿಸುತ್ತದೆಯೇ ಹೊರತು ಅರ್ಥಿಂಗ್ ತಂತಿಯನ್ನಲ್ಲ ಎಂಬುದು ಅನೇಕ ವಿದ್ಯುತ್ ಕೆಲಸಗಾರರಿಗೂ ತಿಳಿಯದು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಆರ್‌ಸಿಸಿಬಿ ಕಾಪಾಡಲಾರದೆಂಬುದನ್ನೂ ನೆನಪಿಡಬೇಕು.

ಹೊರಗಿನ ವಿದ್ಯುತ್ತು ಮತ್ತು ಇನ್ವರ್ಟರಿನ ವಿದ್ಯುತ್ತು ಎಂದಿಗೂ ಒಂದುಗೂಡಬಾರದು. ಇವೆರಡರ ನಡುವೆ, ಒಂದನ್ನು ಬಿಟ್ಟೇ ಮತ್ತೊಂದನ್ನು ಹಿಡಿಯುವ ಚೇಂಜ್‌ಓವರ್ ಸ್ವಿಚ್ ಇರಬೇಕು. ಎರಡೂ ತುದಿಗೆ ಪಿನ್ನುಗಳಿರುವ ತಂತಿಯೇನಾದರೂ ಹಳೆಯ ವಾಹನದ ಮೂಲೆಯಲ್ಲಿ ಸಿಕ್ಕಿದರೆ ಅದನ್ನು ಅಂದೇ ಕತ್ತರಿಸಿ ಎಸೆಯಬೇಕು. ಒಂದು ತುದಿಯನ್ನು ಸಿಕ್ಕಿಸಿದೊಡನೆ ಇನ್ನೊಂದು ತುದಿಯ ಬರಿಯ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ.

ವಿದ್ಯುತ್ತಿನ ನೆಪದಲ್ಲಿ ಬರುವ ಇನ್ನೊಂದು ಸಾವಿಗೆ ಆಘಾತವಾಗಲಿ ಬೆಂಕಿಯಾಗಲಿ ಬೇಕಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ವಡಗರದ ಬಳಿ, ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಕಂಡುಬಂದರು. ಕಾಸರಗೋಡಿನ ಮೂಲಕ ಮಂಗಳೂರಿಗೆ ಬರುವ ಹೆದ್ದಾರಿಯೇ ಅದು. ಕೋಯಿಕ್ಕೋಡಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರು ಅದೇ ವಾಹನದಲ್ಲಿ ಜನರೇಟರನ್ನು ನಡೆಸಿ ಪರೀಕ್ಷಿಸಿದಾಗ, ಅದರ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಅನಿಲವು ಒಳಗೆ ಸೇರಿದ್ದೇ ಸಾವಿಗೆ ಕಾರಣವೆಂದು ತಿಳಿದುಬಂದಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವು ಹಿಡಿಯಬೇಕಾದ ಜಾಗವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ತಲೆನೋವು, ಮಂಪರು ಬರುತ್ತವೆ. ನಿದ್ರೆಯಲ್ಲಿರುವವನಿಗೆ ಅದೂ ತಿಳಿಯದು. ಆದ್ದರಿಂದ ಜನರೇಟರನ್ನು ವಾಹನದೊಳಗೆ, ನೆಲದಡಿಯ ಪೆಟ್ಟಿಗೆಯೊಳಗೆ ಅಥವಾ ಕಿಟಕಿಯ ಕೆಳಗೆ ಇಟ್ಟು ನಡೆಸಿ ಮಲಗುವುದು ಸಲ್ಲದು. ಕೊಳ್ಳುವ ವಾಹನದ ನೆಲದಲ್ಲಿ ತಂತಿಗೆಂದು, ಕೊಳವೆಗೆಂದು ಕೊರೆದ ಪ್ರತಿಯೊಂದು ರಂಧ್ರವನ್ನೂ ಮುಚ್ಚಿಸಬೇಕು. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯು ಇಂದು ಒಂದು ಸಾಧಾರಣ ಫ್ಯಾನಿಗಿಂತ ದೊಡ್ಡ ವೆಚ್ಚದ ವಸ್ತುವೇನಲ್ಲ.

ಬೆಂಕಿಯ ವಿಷಯದಲ್ಲಿ ಪುಣೆಯದೇ ಒಂದು ಪ್ರಸಂಗವಿದೆ. 2025ರ ಮಾರ್ಚ್ 19ರಂದು ಹಿಂಜವಡಿಯಲ್ಲಿ ನೌಕರರನ್ನು ಕರೆದೊಯ್ಯುತ್ತಿದ್ದ ಸಣ್ಣ ಬಸ್ಸೊಂದು ಹೊತ್ತಿ ಉರಿದು ನಾಲ್ವರು ಸತ್ತರು. ಮೊದಲು ಎಲ್ಲರ ಬಾಯಲ್ಲೂ ಬಂದದ್ದು 'ಶಾರ್ಟ್ ಸರ್ಕ್ಯೂಟ್' ಎಂಬ ಮಾತೇ; ಚಾಲಕನೇ ಬೆಂಕಿ ಹಚ್ಚಿದನೆಂದು ಪೊಲೀಸರು ನಂತರ ತಿಳಿಸಿದರು. ಕಾರಣ ಏನೇ ಇರಲಿ, ಹಿಂದೆ ಕುಳಿತವರಿಗೆ ಹಿಂಬಾಗಿಲು ತೆರೆಯಲಾಗಲಿಲ್ಲವೆಂಬುದು ಕ್ಯಾರವಾನ್ ಕೊಳ್ಳುವವರಿಗೆ ಮುಖ್ಯವಾದ ಸಂಗತಿ. ಅನೇಕ ಕ್ಯಾರವಾನ್‌ಗಳಲ್ಲಿ ಹಿಂಬಾಗಿಲಿಗೆ ಅಡ್ಡಲಾಗಿ ಮಂಚವನ್ನೋ ಕಪಾಟನ್ನೋ ಕೂರಿಸಿಬಿಟ್ಟಿರುತ್ತಾರೆ. ಮಲಗುವ ಜಾಗದಿಂದ ಕತ್ತಲೆಯಲ್ಲಿ ಕೈಗೆಟುಕುವಂತೆ ಎರಡು ದಾರಿಗಳು ಇರಲೇಬೇಕು. ಬಾಗಿಲ ಬಳಿ ಒಣಪುಡಿಯ ಅಗ್ನಿಶಾಮಕವಿರಲಿ. ವಿದ್ಯುತ್ ಕಡಿಯುವ ಮುನ್ನ ನೀರು ಎರಚಬಾರದು. ಅಡುಗೆ ಅನಿಲವು ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲಿ ಹರಡುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಗೂಡಿನಲ್ಲಿ ಬ್ಯಾಟರಿ, ಸ್ವಿಚ್ಚು, ಪಂಪು ಯಾವುದೂ ಇರಕೂಡದು, ಅದರ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿಯಿರಬೇಕು.

ಒಡೆಯನೇ ಮಾಡಿಕೊಳ್ಳಬಹುದಾದ ದುರಸ್ತಿಗಳು ಕೆಲವಿವೆ. ಅವಕ್ಕೆ ಬೇಕಾದ ಸಾಮಗ್ರಿಯೆಲ್ಲ ಪುಣೆಯ ಬುಧವಾರ ಪೇಟೆಯ ತಪಕೀರ ಗಲ್ಲಿಯಲ್ಲಿ ದೊರೆಯುತ್ತದೆ. ಇಕ್ಕಟ್ಟಾದ ಆ ಗಲ್ಲಿಯಲ್ಲಿ ಅಗ್ಗದ ಮಾಲೂ ಐಎಸ್‌ಐ ಗುರುತಿನ ಮಾಲೂ ಒಂದೇ ಕಟ್ಟೆಯ ಮೇಲಿರುತ್ತವೆ; ಆರಿಸಿಕೊಳ್ಳುವುದು ಗ್ರಾಹಕನಿಗೆ ಸೇರಿದ್ದು. ಬ್ಯಾಟರಿಯ ತುದಿಗಳಲ್ಲಿ ಕಟ್ಟುವ ಬಿಳಿ ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿಮಾಡಿ, ವ್ಯಾಸಲೀನ್ ಸವರಬೇಕು. ಬಿಚ್ಚುವಾಗ ಮೊದಲು ಋಣಧ್ರುವ, ಜೋಡಿಸುವಾಗ ಕೊನೆಗೆ ಋಣಧ್ರುವ. ಋಣಧ್ರುವವು ಒಡಲಿಗೆ ಕೂಡಿಕೊಂಡಿರುವಾಗ ಧನಧ್ರುವದ ಮೇಲಿನ ಸ್ಪ್ಯಾನರ್ ಅಕಸ್ಮಾತ್ ತಗಡಿಗೆ ತಾಗಿದರೆ ಸ್ಪ್ಯಾನರೇ ಕೆಂಪಗೆ ಕಾಯುತ್ತದೆ. ಸೀಸ-ಆಮ್ಲದ ಬ್ಯಾಟರಿಯು ಚಾರ್ಜ್ ಆಗುವಾಗ ಜಲಜನಕವನ್ನು ಬಿಡುವುದರಿಂದ ಗಾಳಿಯಾಡುವ ಜಾಗ ಬೇಕು, ಬೀಡಿ ಸಿಗರೇಟು ಬೇಡ. ವಿಶ್ರಾಂತ ಸ್ಥಿತಿಯಲ್ಲಿ ಮಲ್ಟಿಮೀಟರು 12.6 ವೋಲ್ಟಿನ ಸುತ್ತಮುತ್ತ ತೋರಿಸಿದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗುತ್ತ ಬಂದಿದೆ. ಇಂಜಿನ್ ನಡೆಯುವಾಗ 13.8ರಿಂದ 14.4ರವರೆಗೆ ಏರದಿದ್ದರೆ ದೋಷವು ಆಲ್ಟರ್ನೇಟರಿನ ಕಡೆಗಿದೆ.

ಫ್ಯೂಸ್ ಹೋದರೆ ಅದೇ ಅಳತೆಯದನ್ನೇ ಹಾಕಬೇಕು. ವಾಹನದ ಫ್ಯೂಸುಗಳಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಸಿಗರೇಟಿನ ಬೇಗಡೆ ಸುತ್ತಿ ಊರು ಸೇರಿದ ಕಥೆಗಳು ಬಹಳ; ಸುಟ್ಟುಹೋದ ವಾಹನಗಳ ಕಥೆಯನ್ನು ಹೇಳಲು ಯಾರೂ ಉತ್ಸುಕರಲ್ಲ. ಮನೆಯ ಗೋಡೆಗೆ ಬಳಸುವ ಒಂಟಿ ಎಳೆಯ ಗಟ್ಟಿ ತಂತಿಯು ಅಲುಗಾಟಕ್ಕೆ ದಣಿದು ಮುರಿಯುತ್ತದೆ. ವಾಹನಕ್ಕೆ ಹಲವು ಎಳೆಗಳ ಮೆತುವಾದ ತಂತಿಯೇ ಬೇಕು. ಹೊಸೆದು ಟೇಪ್ ಸುತ್ತಿದ ಜೋಡಣೆಗಳನ್ನು ತೆಗೆದು, ತುದಿಗೆ ಲಗ್ ಒತ್ತಿಸಬೇಕು. ತಗಡನ್ನು ದಾಟುವ ಕಡೆಯಲ್ಲೆಲ್ಲ ರಬ್ಬರ್ ಬುಷ್ ಇರಲಿ. ಪ್ಲಗ್ ಬದಲಾಯಿಸುವಾಗ ದಪ್ಪನೆಯ ಉದ್ದ ಪಿನ್ನು ಅರ್ಥಿಂಗಿಗೆ ಎಂಬುದು ಎಲ್ಲರಿಗೂ ಗೊತ್ತು. ಬಣ್ಣದಲ್ಲಿ ಮಾತ್ರ ಎಡವುವುದುಂಟು. ಉಪಕರಣಗಳ ಮೆತು ತಂತಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥಿಂಗ್. ಆದರೆ ನಮ್ಮ ಹಳೆಯ ಕಟ್ಟಡಗಳ ಮೂರು ಫೇಸಿನ ವೈರಿಂಗಿನಲ್ಲಿ ನೀಲಿಯು ಫೇಸ್‌ಗಳಲ್ಲೊಂದು.

ನಿಯಾನ್ ಟೆಸ್ಟರನ್ನು ನಂಬುವವರು ಒಂದು ಸಂಗತಿಯನ್ನು ಅರಿತಿರಬೇಕು. ಒಡಲಿಗೆ ವಿದ್ಯುತ್ ಬಂದಿದೆಯೇ ಎಂದು ವಾಹನದೊಳಗೆ ನಿಂತು ಟೆಸ್ಟರ್ ಹಿಡಿದರೆ ಅದು ಬೆಳಗದೇ ಇರಬಹುದು. ಹಿಡಿದವನೂ ಒಡಲೂ ಒಂದೇ ವೋಲ್ಟಿನಲ್ಲಿರುತ್ತಾರೆ. ಒಣ ರಬ್ಬರ್ ಪಾದರಕ್ಷೆ ಧರಿಸಿ, ಹೊರಗೆ ನೆಲದ ಮೇಲೆ ನಿಂತು, ಕೈಯಿಂದ ಬಾಗಿಲನ್ನು ಮುಟ್ಟುವ ಮೊದಲೇ ಟೆಸ್ಟರಿನ ತುದಿಯನ್ನು ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ ನೋಡಬೇಕು. ಬೆಳಗಿದರೆ ಹೊರಗಿನ ಮೂಲದಲ್ಲಿಯೇ ಸ್ವಿಚ್ ಆರಿಸಬೇಕು. ಬೆಳಗದಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ಹೇಳಲಾಗದು. ಇನ್ವರ್ಟರ್, ಚಾರ್ಜರ್‌ಗಳ ಒಳಭಾಗಕ್ಕೆ ಮಾತ್ರ ಕೈಹಾಕಬಾರದು; ಸಂಪರ್ಕ ತೆಗೆದ ಮೇಲೂ ಅವುಗಳ ಕೆಪ್ಯಾಸಿಟರ್‌ಗಳು ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ.

ಯಾರಿಗಾದರೂ ಆಘಾತ ತಗುಲಿದಲ್ಲಿ ಮೊದಲು ಮೂಲದಲ್ಲಿ ಕಡಿಯಬೇಕು, ಆಗದಿದ್ದರೆ ಒಣ ಕೋಲಿನಿಂದ ಬಿಡಿಸಬೇಕು. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಿಗೆ ಸುಮಾರು 5 ಸೆಂಟಿಮೀಟರ್ ತಗ್ಗುವಂತೆ ಒತ್ತುತ್ತ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿಸಬೇಕು.

ಕೊಳ್ಳುವ ದಿನ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನೊಬ್ಬನನ್ನು ಕರೆದೊಯ್ದು, ಕೇಬಲಿನ ಅರ್ಥಿಂಗ್ ಪಿನ್ನಿನಿಂದ ವಾಹನದ ಒಡಲಿನವರೆಗಿನ ರೋಧ ಒಂದು ಓಮ್‌ಗಿಂತ ಕಡಿಮೆಯಿದೆಯೇ, ಉಪಕರಣಗಳನ್ನೆಲ್ಲ ಕಳಚಿದ ಮೇಲೆ 500 ವೋಲ್ಟಿನ ಮೆಗ್ಗರ್‌ನಲ್ಲಿ ತಂತಿಯ ಹೊದಿಕೆಯ ರೋಧ ಒಂದು ಮೆಗಓಮ್‌ಗಿಂತ ಹೆಚ್ಚಿದೆಯೇ ಎಂದು ಅಳೆಸಿಕೊಳ್ಳಬೇಕು. ಇದಕ್ಕೆ ಒಂದು ಗಂಟೆಗಿಂತ ಹೆಚ್ಚು ಹಿಡಿಯದು. ಇದಕ್ಕೆ ಒಪ್ಪದ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ, ವಾಹನದ ಮಾರ್ಪಾಡು ನೋಂದಣಿ ಪತ್ರದಲ್ಲಿ ದಾಖಲಾಗಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಹೆಸರಿನ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಎಂಎಚ್-12 ಅಥವಾ ಎಂಎಚ್-14 ಸಂಖ್ಯೆಯ ವಾಹನವನ್ನು ಕರ್ನಾಟಕಕ್ಕೆ ತಂದು ನೋಂದಾಯಿಸುವವರು ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರವನ್ನು ಪುಣೆ ಬಿಡುವ ಮೊದಲೇ ಪಡೆದಿರಬೇಕು. ಮಾರ್ಪಾಡನ್ನು ವಿಮಾ ಸಂಸ್ಥೆಗೂ ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ಬರೆಸಿಕೊಳ್ಳಬೇಕು.