ಕಡತಕ್ಕೆ ಸೇರದ ಮಾತುಗಳು

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಮಹಿಳಾ ಸಂಘಗಳ ಕಾರ್ಯಕರ್ತೆಯರ ಸಭೆಯಲ್ಲಿ ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣದ ಪಠ್ಯ)



ವರದಕ್ಷಿಣೆ ಸಾವು, ಗಂಡನ ಹೊಡೆತ, ಮನೆಯಿಂದ ಹೊರಗೆ ದಬ್ಬುವುದು, ಇವುಗಳ ಬಗ್ಗೆ ನಮ್ಮ ಸಭೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಇಂದು ನನಗೆ ಕೊಟ್ಟಿರುವ ವಿಷಯ ಭಾಷೆ. ಹೆಣ್ಣು ಬೆಂಕಿಯಲ್ಲಿ ಬೇಯುತ್ತಿರುವಾಗ ಭಾಷೆಯ ವಿಚಾರ ಎತ್ತುವುದು ಓದಿದವರ ಚಪಲವಲ್ಲವೇ ಎಂದು ಕೇಳುವವರಿದ್ದಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತಳಾದ ಮೇಲೆ ನೊಂದ ಹೆಂಗಸರಿಗೆ ದೂರಿನ ಅರ್ಜಿ ಬರೆದುಕೊಡುತ್ತಿರುವ ನನಗೆ ಹಾಗೆ ಅನ್ನಿಸುವುದಿಲ್ಲ. ನಾನು ಬರೆದುಕೊಟ್ಟ ಅರ್ಜಿಗಳಲ್ಲಿ ಕೈಯಿಂದ ಶುರುವಾದ ಹಿಂಸೆ ಒಂದೂ ಇಲ್ಲ. ಎಲ್ಲವೂ ಬಾಯಿಂದ ಶುರುವಾದವು.

ಮೊದಲು ನಮ್ಮ ಜಿಲ್ಲೆಗೇ ಸೇರಿದ ಒಂದು ಪ್ರಸಂಗ. 2021ರ ಡಿಸೆಂಬರ್ 16ರಂದು ಬೆಳಗಾವಿಯಲ್ಲಿ ವಿಧಾನಸಭೆಯ ಅಧಿವೇಶನ ನಡೆದಿತ್ತು. ಮಳೆ ಮತ್ತು ಪ್ರವಾಹದ ಹಾನಿಯ ಬಗ್ಗೆ ಮಾತಾಡಲು ಸದಸ್ಯರು ಸಮಯ ಕೇಳಿ ಒತ್ತಾಯ ಮಾಡುತ್ತಿದ್ದರು. ಸದನವನ್ನು ಹತೋಟಿಗೆ ತರುವುದು ಕಷ್ಟವೆಂದು ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಹೇಳಿಕೊಂಡಾಗ, ಅಂದು ಶ್ರೀನಿವಾಸಪುರದ ಶಾಸಕರಾಗಿದ್ದ, ತಾವೂ ಹಿಂದೆ ಸಭಾಧ್ಯಕ್ಷರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಅವರು ಎದ್ದು, ಒಂದು ಮಾತಿದೆ ಎಂದರು. ಅತ್ಯಾಚಾರ ತಪ್ಪಿಸಿಕೊಳ್ಳಲಾಗದ್ದಾದರೆ ಮಲಗಿ ಸುಖಿಸಬೇಕು ಎಂಬುದು ಆ ಮಾತಿನ ಅರ್ಥ. ಸಭಾಧ್ಯಕ್ಷರು ನಕ್ಕರು. ಸದನದಲ್ಲಿ ನಗು ಎದ್ದಿತು. ಅಂಜಲಿ ನಿಂಬಾಳ್ಕರ್, ಸೌಮ್ಯಾ ರೆಡ್ಡಿ ಮೊದಲಾದ ಶಾಸಕಿಯರು ಪ್ರತಿಭಟಿಸಿದರು. ದೇಶದಾದ್ಯಂತ ಖಂಡನೆ ವ್ಯಕ್ತವಾಯಿತು. ಮರುದಿನ ರಮೇಶ್ ಕುಮಾರ್ ಸದನದಲ್ಲಿ ಕ್ಷಮೆ ಕೇಳಿದರು.

ಅವರ ವಾಗ್ಮಿತೆಗೆ ತಲೆದೂಗಿದವರು, ಅವರಿಗೆ ಮತ ಹಾಕಿದವರು ಇಲ್ಲಿಯೂ ಇದ್ದೀರಿ. ಒಬ್ಬರನ್ನು ಮತ್ತೆ ಕಟಕಟೆಗೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಆ ನಗು. ಅಲ್ಲಿ ಚರ್ಚೆಯಾಗುತ್ತಿದ್ದುದು ಅತ್ಯಾಚಾರವಲ್ಲ, ಸಮಯದ ಅಭಾವ. ಸದನದ ಒಂದು ಸಣ್ಣ ಪೇಚಾಟವನ್ನು ಹೇಳಿಕೊಳ್ಳಲು ಹೆಣ್ಣಿನ ಮೈಮೇಲೆ ನಡೆಯುವ ಘೋರ ಅಪರಾಧವನ್ನು ಹೋಲಿಕೆಯಾಗಿ ಎತ್ತಿಕೊಂಡರು. ತರಗತಿಯಲ್ಲಿ ಅಲಂಕಾರ ಪಾಠ ಮಾಡುವಾಗ ನಾನು ಹೇಳುತ್ತಿದ್ದೆ: ಕೇಳಿದ ಕೂಡಲೇ ಎಲ್ಲರೂ ಒಪ್ಪುವ, ಯಾರೂ ತಕರಾರು ಎತ್ತದ ವಸ್ತುವನ್ನೇ ಉಪಮಾನವಾಗಿ ಆರಿಸಿಕೊಳ್ಳುತ್ತಾರೆ ಎಂದು. ಹೆಣ್ಣಿನ ಸಂಕಟ ನಮ್ಮ ಸಮಾಜದಲ್ಲಿ ಅಂಥ ಉಪಮಾನವಾಗಿದೆ. ಅದಕ್ಕೇ ನಗು ಅಷ್ಟು ಸಲೀಸಾಗಿ ಬಂತು.

ಇನ್ನು ನಮ್ಮ ಬೀದಿಗೆ ಬರೋಣ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಕೋಲಾರದ ಎ.ಪಿ.ಎಂ.ಸಿ.ಯ ಟೊಮ್ಯಾಟೊ ಹರಾಜಿನಲ್ಲಿ ಬೆಳಿಗ್ಗೆಯಿಂದ ಕೇಳುವ ಮಾತು 'ಮಾಲು'. ಮಾಲು ಬಂತಾ, ಮಾಲು ಹೇಗಿದೆ, ಈ ಮಾಲಿಗೆ ಎಷ್ಟು? ಅದೇ ಮಾತನ್ನು ಬಸ್ ನಿಲ್ದಾಣದಲ್ಲಿ ಕಾಲೇಜಿನ ಹುಡುಗಿಯರನ್ನು ತೋರಿಸಿ ಹುಡುಗರು ಆಡುತ್ತಾರೆ. ಹಾಗೆ ಕೂಗುವುದು ಪುಂಡರು ಮಾತ್ರ ಎಂದು ಹೇಳಿ ನಾವು ಪಾರಾಗುವಂತಿಲ್ಲ. ಹಿರಿಯರು ಗೌರವದಿಂದ ಆಡುವ ಮದುವೆಯ ಮಾತುಗಳನ್ನೇ ಕೇಳಿ. ಹೆಣ್ಣು ನೋಡುತ್ತೇವೆ, ಹೆಣ್ಣು ಕೊಡುತ್ತೇವೆ, ಹೆಣ್ಣು ತರುತ್ತೇವೆ. ಮದುವೆ ಮುಗಿದರೆ 'ಒಂದು ಹೊರೆ ಇಳಿಯಿತು' ಎಂದು ನಿಟ್ಟುಸಿರು ಬಿಡುತ್ತೇವೆ. ಮಗಳು ಪೆಟ್ಟು ತಿಂದು ತವರಿಗೆ ಬಂದರೆ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂದು ವಾಪಸು ಕಳಿಸುತ್ತೇವೆ. ಕೊಡುವ, ತರುವ, ಇಳಿಸುವ ವಸ್ತುವಿಗೆ ದರ ನಿಗದಿಯಾಗುವುದರಲ್ಲಿ ಆಶ್ಚರ್ಯವೇನಿದೆ? ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆ ಮೇಲೆ ಶಬ್ದ ಮಾತ್ರ ಬದಲಾಯಿತು. 'ನಮಗೇನೂ ಬೇಡ, ನಿಮ್ಮ ಮಗಳಿಗೆ ಏನು ಹಾಕುತ್ತೀರೋ ಹಾಕಿ, ಮದುವೆ ಚೆನ್ನಾಗಿ ಮಾಡಿಕೊಡಿ' ಎನ್ನುವವರೇ ಆರು ತಿಂಗಳಿಗೆ 'ಬರಿಗೈಯಲ್ಲಿ ಬಂದವಳು' ಎನ್ನುತ್ತಾರೆ.

ಬೈಗುಳಗಳನ್ನು ಸಭೆಯಲ್ಲಿ ಉಚ್ಚರಿಸಲು ಸಂಕೋಚವಾಗುತ್ತದೆ. ಆದರೆ ಮನೆಯಲ್ಲಿ ಅವನ್ನು ಕೇಳಿಸಿಕೊಳ್ಳುವವರು ನಾವೇ ಆದ್ದರಿಂದ ಇಲ್ಲಿ ಮಡಿವಂತಿಕೆ ಬೇಡ. ಮುಂಡೆ ಎಂದರೆ ಗಂಡ ಸತ್ತವಳು. ಬೋಳಿ ಎಂದರೆ ಗಂಡ ಸತ್ತದ್ದಕ್ಕೆ ತಲೆ ಬೋಳಿಸಿಕೊಳ್ಳಬೇಕಾದವಳು. ಎರಡೂ ಬೈಗುಳಗಳಾದವು. ಹೆಂಡತಿ ಸತ್ತವನಿಗೆ ವಿಧುರ ಎಂಬ ಪುಸ್ತಕದ ಪದವಿದೆ, ಅದನ್ನು ಬೈಗುಳವಾಗಿ ಯಾರೂ ಬಳಸಿಲ್ಲ. ಗಂಡಸಿನ ತಪ್ಪಿಗೆ ಗಂಡಸನ್ನು ಬೈಯುವಾಗಲೂ ಬೋಳಿಮಗ, ಸೂಳೆಮಗ ಎಂದು ಅಲ್ಲಿ ಇಲ್ಲದ ಅವನ ತಾಯಿಯನ್ನು ಎಳೆದು ತರುತ್ತಾರೆ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗು, ಹೊರಗಿನ ಮಾತು ಕನ್ನಡ ಆಗಿರುವ ಕುಟುಂಬಗಳು ಎಷ್ಟೋ ಇವೆ. ಕನ್ನಡದ ಮುಂಡೆ ತೆಲುಗಿನಲ್ಲಿ ಮುಂಡ ಆಗುತ್ತಾಳೆ. ಕೊನೆಯ ಸ್ವರ ಬದಲಾಗುತ್ತದೆಯೇ ಹೊರತು ಅವಮಾನ ಬದಲಾಗುವುದಿಲ್ಲ.

'ಈ ಮಾತುಗಳನ್ನು ಅತ್ತೆಯೂ ಆಡುತ್ತಾಳೆ, ಹೆಣ್ಣಿಗೆ ಹೆಣ್ಣೇ ಶತ್ರು' ಎಂದು ತಕ್ಷಣ ಉತ್ತರ ಬರುತ್ತದೆ. ಅತ್ತೆ ಆಡುವುದು ನಿಜ. ಅವಳಿಗೂ ಯಾರೋ ಇದನ್ನೇ ಅಂದಿದ್ದರು. ಅವಳ ಬಾಯಲ್ಲಿ ಬಂದ ಮಾತ್ರಕ್ಕೆ ಆ ಮಾತಿನ ಲಾಭ ಅವಳಿಗೆ ಸಿಗುವುದಿಲ್ಲ. ಹಾಗೆಯೇ, ಕೆಲಸ ಮಾಡದ ಅಧಿಕಾರಿಗೆ ಬಳೆ, ಸೀರೆ ಕೊಟ್ಟು ಪ್ರತಿಭಟಿಸುವ ಪದ್ಧತಿ ಇದೆ. ಅದರಲ್ಲಿ ಹೆಂಗಸರೂ ಇರುತ್ತಾರೆ. ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಕೈಯ ಬಳೆ ಹೇಡಿತನದ ಗುರುತು ಹೇಗಾಯಿತು? ನಮ್ಮ ಸಂಘಗಳಾದರೂ ಈ ಪದ್ಧತಿಯನ್ನು ಕೈಬಿಡಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅರ್ಜಿ ಬರೆಸಲು ನನ್ನ ಬಳಿ ಒಬ್ಬಾಕೆ ಬಂದಿದ್ದಳು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಎರಡು ಹಸು ಸಾಕಿ ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಿದ್ದಳು. ಗಂಡನ ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು 'ಗೊಡ್ಡು' ಎಂದು. ನಮ್ಮದು ಹೈನುಗಾರಿಕೆಯ ಜಿಲ್ಲೆ, ಗೊಡ್ಡು ಬಿದ್ದ ಹಸುವನ್ನು ಏನು ಮಾಡುತ್ತಾರೆಂದು ನಿಮಗೆ ನಾನು ಹೇಳಬೇಕಿಲ್ಲ. ಕೊಟ್ಟಿಗೆಯಿಂದ ಆಚೆ ಹೊಡೆಯುತ್ತಾರೆ. ಅವಳನ್ನೂ ಹಾಗೆಯೇ ಒಂದು ರಾತ್ರಿ ಹೊಡೆದು ಆಚೆ ಹಾಕಿದರು. ಪೊಲೀಸ್ ಠಾಣೆಯಲ್ಲಿ ಬರೆದುಕೊಂಡ ದೂರನ್ನು ಅವಳು ನನಗೆ ತೋರಿಸಿದಳು. ಅದರಲ್ಲಿ ಆರು ವರ್ಷದ ಕಥೆ ಮೂರು ಪದಗಳಲ್ಲಿ ಮುಗಿದಿತ್ತು: 'ಅವಾಚ್ಯ ಶಬ್ದಗಳಿಂದ ಬೈದು'. "ಏಟು ಎಷ್ಟು ಬಿತ್ತು ಅಂತ ಎಣಿಸಿ ಹೇಳಬಹುದು ಮೇಡಂ, ಆ ಮಾತು ಎಷ್ಟು ಸಲ ಅಂದ್ರು ಅಂತ ಹೆಂಗೆ ಎಣಿಸ್ಲಿ?" ಎಂದಳು.

ಅವಾಚ್ಯ ಎಂದರೆ ಉಚ್ಚರಿಸಬಾರದ್ದು. ಬೈದವರು ಧಾರಾಳವಾಗಿ ಉಚ್ಚರಿಸಿದ್ದಾರೆ. ಉಚ್ಚರಿಸಬಾರದು ಎಂಬ ಕಟ್ಟಳೆ ದೂರು ಕೊಡುವವಳಿಗೆ ಮಾತ್ರ. ಒಂದು ಸಿದ್ಧ ಸೂತ್ರದ ಕೆಳಗೆ ಸತ್ಯ ಹೂತುಹೋಗುವುದು ಹೊಸದೇನಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆ ವಿವಾಹಿತ ಹೆಣ್ಣುಮಕ್ಕಳ ಅಸಹಜ ಸಾವುಗಳ ಬೆನ್ನು ಹತ್ತಿದಾಗಲೂ, 'ಸ್ಟೌ ಸಿಡಿದು', 'ಅಡುಗೆ ಮನೆಯಲ್ಲಿ ಆಕಸ್ಮಿಕ' ಎಂಬ ಷರಾ ಬರೆದು ಮುಚ್ಚಿದ ಕಡತಗಳೇ ಎದುರಾದವು.

ವಿಧಾನಸಭೆಯಲ್ಲಿ ಆಡಿದ ಮಾತು ಎಲ್ಲರ ಕಿವಿಗೆ ಬಿತ್ತು, ಕ್ಯಾಮೆರಾದಲ್ಲಿ ದಾಖಲಾಯಿತು, ಎದ್ದು ಕೇಳಲು ಶಾಸಕಿಯರಿದ್ದರು. ಆದ್ದರಿಂದ ಮರುದಿನವೇ ಕ್ಷಮೆ ಬಂತು. ನಮ್ಮ ನಡುಮನೆಯಲ್ಲಿ ಆಡಿದ ಮಾತಿಗೆ ದಾಖಲೆ ಇಲ್ಲ. ಅದನ್ನು ನಾವೇ ಮಾಡಬೇಕಾಗಿದೆ, ಮತ್ತು ಕಾನೂನು ಅದಕ್ಕೆ ಜಾಗ ಕೊಟ್ಟಿದೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 3ನೇ ಕಲಮು ಹೊಡೆತದ ಜೊತೆಯಲ್ಲೇ ಮಾತಿನ ಹಿಂಸೆಯನ್ನೂ ದೌರ್ಜನ್ಯವೆಂದು ಹೇಳುತ್ತದೆ. ಅವಮಾನ, ಹೀಯಾಳಿಕೆ, ಅಡ್ಡಹೆಸರಿಟ್ಟು ಕರೆಯುವುದು, ಅದರಲ್ಲೂ ಮಕ್ಕಳಾಗಲಿಲ್ಲ, ಗಂಡುಮಗು ಆಗಲಿಲ್ಲ ಎಂದು ಹಂಗಿಸುವುದು ಅದರಲ್ಲಿ ಸೇರಿದೆ. ಅಂದರೆ 'ಗೊಡ್ಡು' ಎಂಬ ಒಂದು ಮಾತು ಈ ಕಾಯ್ದೆಯ ಪ್ರಕಾರ ಹಿಂಸೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಾವು ಸಿ.ಡಿ.ಪಿ.ಓ. ಎನ್ನುತ್ತೇವಲ್ಲ, ಅವರೇ ಸಂರಕ್ಷಣಾಧಿಕಾರಿ. ಅವರು ತುಂಬುವ ಘಟನಾ ವರದಿಯ ನಮೂನೆಯಲ್ಲಿ ವರದಕ್ಷಿಣೆ ತರಲಿಲ್ಲವೆಂಬ ಅವಮಾನಕ್ಕೆ, ಶೀಲ ಶಂಕಿಸಿದ್ದಕ್ಕೆ, ಹೀಯಾಳಿಸಿದ್ದಕ್ಕೆ ಬೇರೆ ಬೇರೆ ಜಾಗವಿದೆ. ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣಾ ಆದೇಶವನ್ನು ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ನಮಗೆಲ್ಲ ಬಾಯಿಪಾಠವಾಗಿದ್ದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಬಂದಿದೆ. ಅದರಲ್ಲಿಯೂ ಮಾನಸಿಕ ಹಿಂಸೆ ಕ್ರೌರ್ಯವೇ.

ನ್ಯಾಯಾಲಯಗಳೂ ತಮ್ಮ ನಾಲಿಗೆಯನ್ನು ತಿದ್ದಿಕೊಳ್ಳಬೇಕಾಗಿ ಬಂದಿದೆ. 2010ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲೇ 'ಇಟ್ಟುಕೊಂಡವಳು' ಎಂಬ ಅರ್ಥದ ಪದ ಬಂದಾಗ, ಆಗ ಹೆಚ್ಚುವರಿ ಸಾಲಿಸಿಟರ್ ಜನರಲ್ ಆಗಿದ್ದ ಇಂದಿರಾ ಜೈಸಿಂಗ್ ಅದೇ ನ್ಯಾಯಾಲಯದಲ್ಲಿ ಎದ್ದು ಆಕ್ಷೇಪಿಸಿದರು. 2023ರ ಆಗಸ್ಟಿನಲ್ಲಿ ಅದೇ ಸುಪ್ರೀಂ ಕೋರ್ಟು, ತೀರ್ಪುಗಳಲ್ಲಿ ಬಳಸಬಾರದ ಇಂಥ ಪದಗಳ ಕೈಪಿಡಿಯನ್ನು ಹೊರತಂದಿತು.

ಆದ್ದರಿಂದ ನನ್ನ ಸಲಹೆಗಳು ಎರಡು. ಮೊದಲನೆಯದು, ದೂರು ಬರೆಯುವಾಗ 'ಅವಾಚ್ಯ ಶಬ್ದಗಳಿಂದ' ಎಂದು ಬರೆದು ಮುಗಿಸಲು ಬಿಡಬೇಡಿ. ಆಡಿದ ಮಾತನ್ನು ಆಡಿದ ಹಾಗೆಯೇ, ತೆಲುಗಿನಲ್ಲಿ ಅಂದಿದ್ದರೆ ತೆಲುಗಿನಲ್ಲಿಯೇ, ಯಾರು, ಯಾವಾಗ, ಯಾರ ಎದುರಿಗೆ ಅಂದರು ಎಂಬುದರ ಸಮೇತ ಬರೆಸಿ. ಬರೆದುಕೊಳ್ಳುವವರಿಗೆ ಅಸಹ್ಯವಾದರೆ ಆಗಲಿ. ಅಂದವರ ಮಾತು ಅದು, ಅಸಹ್ಯ ಅವರದು. ಎರಡನೆಯದು, ಪ್ರತಿ ಸಂಘದಲ್ಲೂ ಒಂದು ನೋಟುಪುಸ್ತಕ ಇರಲಿ. ಮನೆಯಲ್ಲಿ ಬರೆದಿಟ್ಟುಕೊಳ್ಳಲಾಗದ, ಓದು ಬರಹ ಬಾರದ ಅಕ್ಕತಂಗಿಯರು ಬಂದು ಹೇಳಲಿ, ಬಲ್ಲವರು ದಿನಾಂಕ ಹಾಕಿ ಬರೆದಿಡಲಿ. ನಾಳೆ ನ್ಯಾಯಾಲಯದಲ್ಲಿ 'ಯಾವಾಗ ಅಂದರು?' ಎಂದು ಕೇಳಿದಾಗ ಅವಳ ನೆನಪಿಗೆ ಒಂದು ಆಧಾರ ಇರುತ್ತದೆ. ಆ ಪುಸ್ತಕ ಯಾರ ಬಳಿ ಇರಬೇಕು, ಅದರ ಗುಟ್ಟು ಹೇಗೆ ಕಾಯಬೇಕು ಎಂಬುದನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ನೀವೇ ಕೂತು ತೀರ್ಮಾನಿಸಿ.