ಬಾಯಿಲ್ಲದ ಗಡಿಗೆಯ ದನಿ

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯು ಕೊಡಕ್ಕೊಂದು ಬಾಯಿ ಇದ್ದೇ ಇರುತ್ತದೆ ಎಂದು ನಂಬಿ ಹುಟ್ಟಿದ ಮಾತು. ನೀರು ಒಳಹೋಗುವುದು ಬಾಯಿಯಿಂದ, ತುಳುಕುವುದೂ ಬಾಯಿಯಿಂದಲೇ. ಆ ಬಾಯಿಯನ್ನೇ ಮುಚ್ಚಿಬಿಟ್ಟರೆ ಗಡಿಗೆಯಲ್ಲಿ ಉಳಿಯುವುದೇನು ಎಂಬ ಪ್ರಶ್ನೆಗೆ ಅಮೆರಿಕದ ಕುಂಬಾರಿಕೆಯ ಕಲಾವಿದೆ ತೊಶಿಕೊ ತಕಾಯೆಜು ಅವರು ಬಾಳಿನುದ್ದಕ್ಕೂ ಕೈಯಿಂದಲೇ ಉತ್ತರ ಹುಡುಕಿದರು.

1922ರಲ್ಲಿ ಹವಾಯಿಯ ಪೆಪೀಕಿಯೊ ಎಂಬಲ್ಲಿ, ಜಪಾನಿನಿಂದ ವಲಸೆ ಬಂದ ದಂಪತಿಗಳ ಹನ್ನೊಂದು ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದ ಅವರು, 1951ರಲ್ಲಿ ಮಿಶಿಗನ್ ರಾಜ್ಯದ ಕ್ರಾನ್‌ಬ್ರೂಕ್ ಕಲಾಶಾಲೆಯನ್ನು ಸೇರಿ, ಫಿನ್ಲೆಂಡ್ ಮೂಲದ ಇಬ್ಬರು ಗುರುಗಳನ್ನು ಪಡೆದರು: ಮಣ್ಣಿನ ಕೆಲಸಕ್ಕೆ ಮೈಯಾ ಗ್ರೊಟೆಲ್, ನೇಯ್ಗೆಗೆ ಮರಿಯಾನೆ ಸ್ಟ್ರೆಂಗೆಲ್. ಮುಂದೆ ಕ್ಲೀವ್‌ಲೆಂಡಿನಲ್ಲಿಯೂ, 1967ರಿಂದ 1992ರವರೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿಯೂ ಪಾಠ ಹೇಳಿದರು.

ತಿಗರಿಯ ಮೇಲೆ, ಎಂದರೆ ಕುಂಬಾರನ ಚಕ್ರದ ಮೇಲೆ, ಎದ್ದುನಿಂತ ಗಡಿಗೆಯ ಕಂಠವನ್ನು ಅವರು ಕಿರಿದುಗೊಳಿಸುತ್ತ ಹೋಗಿ, ಕೊನೆಗೆ ಸಣ್ಣದೊಂದು ತೊಟ್ಟಿನಲ್ಲಿ ಮುಗಿಸಿ, ಸುಡುವಾಗ ಒಳಗಿನ ಬಿಸಿಗಾಳಿ ಹೊರಹೋಗಲೆಂದು ಸೂಜಿಮೊನೆಯಷ್ಟು ರಂಧ್ರವನ್ನು ಮಾತ್ರ ಉಳಿಸುತ್ತಿದ್ದರು. ಮುಚ್ಚುವ ಮೊದಲು ಕಾಗದದಲ್ಲಿ ಸುತ್ತಿದ ಪುಟ್ಟ ಮಣ್ಣುಂಡೆಯೊಂದನ್ನು ಒಳಗೆ ಬಿಡುವುದೂ ಇತ್ತು. ಒದ್ದೆಯ ಗೋಡೆಗೆ ಉಂಡೆ ಅಂಟದಂತೆ ಕಾಗದ ಕಾಯುತ್ತಿತ್ತು, ಆವಿಗೆಯ ಬೆಂಕಿಯಲ್ಲಿ ಕಾಗದ ಸುಟ್ಟುಹೋಗಿ, ಬೆಂದ ಉಂಡೆ ಸಡಿಲವಾಗಿ ಉಳಿಯುತ್ತಿತ್ತು. ಅಂಥ ಗಡಿಗೆಯನ್ನು ಎತ್ತಿ ಅಲುಗಿಸಿದರೆ ಒಳಗಿನಿಂದ ದನಿಯೊಂದು ಬರುತ್ತದೆ. ನೀರು ತುಂಬಲಾಗದ, ಅಕ್ಕಿ ಸುರಿಯಲಾಗದ ಗಡಿಗೆಯನ್ನು ಪ್ರಯೋಜನವಿಲ್ಲದ್ದೆಂದು ಬದಿಗೆ ಸರಿಸುವುದು ಅವಸರದ ತೀರ್ಪು. ಎಷ್ಟು ತುಂಬಿತು, ಎಷ್ಟು ಸುರಿಯಿತು ಎಂಬ ಲೆಕ್ಕದಲ್ಲಿಯೇ ಮನುಷ್ಯರನ್ನೂ ಅಳೆಯುವ ರೂಢಿ ಬಲವಾಗಿರುವುದರಿಂದ, ಮಾತಾಡದ ಹಿರಿಯರೂ ಹೆಸರು ಮಾಡದ ಮೇಷ್ಟರೂ ಬರಿದಾದವರಂತೆ ಕಾಣುತ್ತಾರೆ. ಹತ್ತಿರ ಹೋಗಿ ಕಿವಿಗೊಡುವ ವ್ಯವಧಾನವೇ ಇಲ್ಲದವರಿಗೆ ಒಳಗಿನ ಉಂಡೆಯ ಸದ್ದು ಕೇಳುವುದಾದರೂ ಹೇಗೆ?

ತಕಾಯೆಜು ಅವರ ಮಗ್ಗವೂ ಇದೇ ಮನಸ್ಸಿನ ಇನ್ನೊಂದು ಕೈ. ಹಾಸು, ಎಂದರೆ ಉದ್ದಕ್ಕೆ ಬಿಗಿದ ನೂಲು, ಹೊಕ್ಕು, ಎಂದರೆ ಅಡ್ಡ ಸಾಗುವ ನೂಲು, ಇವೆರಡರಲ್ಲಿಯೂ ಅವರು ಹುಡುಕಿದ್ದು ಗಡಿಗೆಯ ಮೈಮೇಲೆ ಹರಿಯಬಿಟ್ಟ ಬಣ್ಣಗಳ ಬಂಧುತ್ವವನ್ನೇ. ಎರಡು ಅರೆಗೋಳಗಳನ್ನು ಕೂಡಿಸಿ ಮಾಡಿದ, ಚಂದ್ರ ಎಂದು ಹೆಸರಿಟ್ಟ ದುಂಡು ಗಡಿಗೆಗಳನ್ನು ಅವರು ಬಲೆಯ ಜೋಲಿಗಳಲ್ಲಿ ಮಲಗಿಸಿ ಪ್ರದರ್ಶಿಸಿದ್ದುಂಟು. ನೂಲು ಮಣ್ಣನ್ನು ಮಗುವಿನಂತೆ ಹೊತ್ತ ಆ ನೋಟದಲ್ಲಿ ಅವರ ಎರಡು ವಿದ್ಯೆಗಳೂ ಒಂದೆಡೆ ಕೂಡಿದ್ದವು. ಗಡಿಗೆ ಮಾಡುವುದಕ್ಕೂ ಅಡುಗೆ ಮಾಡುವುದಕ್ಕೂ ತರಕಾರಿ ಬೆಳೆಯುವುದಕ್ಕೂ ಭೇದವಿಲ್ಲವೆಂದು ನಂಬಿದ್ದ ಅವರ ಬಳಿ ಶಿಷ್ಯರು ಬಂದು ನೆಲೆಸಿ, ಮಣ್ಣಿನ ಜೊತೆಗೆ ಮನೆಯ ಮತ್ತು ತೋಟದ ಕೆಲಸವನ್ನೂ ಕಲಿತರು. ಇಂಥ ಕಲಿಕೆಯನ್ನು ಯಾವ ಅಂಕಪಟ್ಟಿಯೂ ದಾಖಲಿಸಲಾರದು.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಮಡಿದ ಪ್ರಿನ್ಸ್‌ಟನ್ನಿನ ಹಳೆಯ ವಿದ್ಯಾರ್ಥಿಗಳಿಗಾಗಿ ಅಲ್ಲಿನ ಆವರಣದಲ್ಲಿ ನಿರ್ಮಿಸಿದ ಸ್ಮಾರಕದ ಉದ್ಯಾನದಲ್ಲಿ ಕಂಚಿನ ಗಂಟೆಯೊಂದು ತೂಗುತ್ತದೆ. ಅದನ್ನು ರೂಪಿಸಿದವರು, ಅಲ್ಲಿ ಇಪ್ಪತ್ತೈದು ವರ್ಷ ಪಾಠ ಹೇಳಿದ ತಕಾಯೆಜು.