ಎರಡನೇ ದಿನ ಮುಗೀತು, ಮೂರನೇ ದಿನ ಎಲ್ಲಿ?

ಇವತ್ತು ರಾಜಕೀಯ ಇಲ್ಲ, ಪ್ಯಾನೆಲ್ ಇಲ್ಲ. ಒಂದು ಪುಸ್ತಕದ ಜಗಳ ಹೇಳ್ತೀನಿ. 2011ರಲ್ಲಿ ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ನಾನು ಮತ್ತು ನನ್ನ ರೂಮ್‌ಮೇಟ್ ಶುರು ಮಾಡಿದ ಜಗಳ ಅದು. ಇನ್ನೂ ಮುಗಿದಿಲ್ಲ. ಅದಕ್ಕೆ ನಾವಿಬ್ಬರೂ ಕಾರಣ ಅಲ್ಲ, ಲೇಖಕರು ಕಾರಣ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪ್ಯಾಟ್ರಿಕ್ ರಾತ್‌ಫಸ್ ಅವರ ಮೊದಲ ಕಾದಂಬರಿ 'ದಿ ನೇಮ್ ಆಫ್ ದಿ ವಿಂಡ್' ಬಂದದ್ದು 2007ರಲ್ಲಿ. ಕೆಮಿಕಲ್ ಇಂಜಿನಿಯರಿಂಗ್ ಓದೋಣ ಅಂತ ಕಾಲೇಜಿಗೆ ಹೋಗಿ, ಕೊನೆಗೆ ಇಂಗ್ಲಿಷ್‌ನಲ್ಲಿ ಪದವಿ ತಗೊಂಡು ಬಂದ ಮನುಷ್ಯ. ಬಿ.ಇ. ಮಾಡಿ ಕ್ಯಾಮೆರಾ ಮುಂದೆ ಕೂತಿರೋ ನನಗೆ ಅವರನ್ನು ಕಂಡರೆ ಸ್ವಲ್ಪ ಜಾಸ್ತಿನೇ ಪ್ರೀತಿ ಅಂತಿಟ್ಕೊಳ್ಳಿ.

ಕತೆ ಹೀಗಿದೆ. ಕ್ವೋತ್ ಅಂತ ಒಬ್ಬ, ದಂತಕತೆಯಾಗಿ ಹೋಗಿರೋ ವೀರ. ಈಗ ಹೆಸರು ಬದಲಿಸಿಕೊಂಡು ಸಣ್ಣ ಊರೊಂದರಲ್ಲಿ ಊಟ-ವಸತಿಯ ಹೋಟೆಲ್ ನಡೆಸ್ತಿದ್ದಾನೆ. ಹುಡುಕಿಕೊಂಡು ಬಂದ ಚರಿತ್ರೆಕಾರನಿಗೆ ತನ್ನ ಜೀವನದ ಕತೆ ಹೇಳೋಕೆ ಒಪ್ಪುತ್ತಾನೆ, ಆದರೆ ಮೂರು ದಿನ ಬೇಕು ಅಂತಾನೆ. ದಿನಕ್ಕೊಂದು ಪುಸ್ತಕ. ಅವನ ಹೆತ್ತವರನ್ನು ಕೊಂದ ಚಾಂಡ್ರಿಯನ್ ಅನ್ನೋ ನಿಗೂಢ ಗುಂಪು ಯಾವುದು? ಅವನಿಗೆ ರಾಜಹಂತಕ ಅನ್ನೋ ಹೆಸರು ಹೇಗೆ ಬಂತು? ಓದುಗರಿಗೆ ಬೇಕಾಗಿದ್ದದ್ದು ಈ ಉತ್ತರಗಳು.

ನಾಲ್ಕು ವರ್ಷ ಕಾದ ಮೇಲೆ 2011ರ ಮಾರ್ಚ್‌ನಲ್ಲಿ ಎರಡನೇ ದಿನದ ಪುಸ್ತಕ ಬಂತು, 'ದಿ ವೈಸ್ ಮ್ಯಾನ್ಸ್ ಫಿಯರ್'. ಹತ್ತಿರ ಹತ್ತಿರ ಸಾವಿರ ಪುಟ. ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ನೇರ ಮೊದಲ ಸ್ಥಾನ. ಓದಿ ಮುಗಿಸಿದವರು ಮಾತ್ರ ಎರಡು ಪಂಗಡ ಆದರು.

ನಾನು ಸಿಟ್ಟಾದವರ ಪಂಗಡ. ನೂರಾರು ಪುಟ ಓದಿದರೂ ಹೀರೋ ಇನ್ನೂ ಕಾಲೇಜಿನಲ್ಲೇ! ಅದೇ ಫೀಸಿನ ಚಿಂತೆ, ಅದೇ ಸಾಲ, ಅದೇ ಶ್ರೀಮಂತ ಸಹಪಾಠಿಯ ಜೊತೆ ಕಿತ್ತಾಟ. ಆಮೇಲೆ ಅವನ ಮೇಲೆ ಒಂದು ವಿಚಾರಣೆ ನಡೆಯುತ್ತೆ, ಊರೆಲ್ಲ ಮಾತಾಡಿಕೊಂಡ ವಿಚಾರಣೆ. ಅದನ್ನು ಹಾರಿಸಿಬಿಡ್ತಾನೆ. ಸಮುದ್ರಯಾನದಲ್ಲಿ ಬಿರುಗಾಳಿ, ಕಡಲ್ಗಳ್ಳರು, ಹಡಗು ಮುಳುಗಡೆ, ಎಲ್ಲಾ ನಾಲ್ಕು ಮಾತಲ್ಲಿ ಖತಂ. ಆದರೆ ಫೆಲೂರಿಯನ್ ಅನ್ನೋ ಯಕ್ಷಿಣಿಯ ಜೊತೆ ಕಳೆದ ಕಾಲಕ್ಕೆ ಅಧ್ಯಾಯದ ಮೇಲೆ ಅಧ್ಯಾಯ. ಚಾಂಡ್ರಿಯನ್ ವಿಷಯ ಇದ್ದಲ್ಲೇ ಇದೆ. ಉಳಿದಿರೋದು ಒಂದೇ ದಿನ. ಲೆಕ್ಕ ತಾಳೆ ಆಗ್ತಿಲ್ಲ ಸ್ವಾಮಿ, ಅಂತ ನಾನು.

ರೂಮ್‌ಮೇಟ್ ಒಪ್ಪಲಿಲ್ಲ. ಪುಸ್ತಕ ಅವನದು ಬೇರೆ. ಹರಿಕತೆ ದಾಸರು ಉಪಕತೆಗೆ ಹೊರಟರೆ ಯಾರಾದ್ರೂ ಗಡಿಯಾರ ನೋಡ್ತಾರೇನೋ ಅಂತಿದ್ದ. ವಿಚಾರಣೆ ಬಿಟ್ಟಾಗ ಕತೆಯೊಳಗಿನ ಚರಿತ್ರೆಕಾರನೇ ಆಕ್ಷೇಪ ಎತ್ತುತ್ತಾನೆ, ಲೇಖಕನಿಗೆ ಗೊತ್ತಿಲ್ಲದೆ ಆದದ್ದಲ್ಲ ಅದು ಅಂತ ವಾದ. ಈಗ ನನಗೆ ಆ ವಾದ ಸರಿ ಅನ್ನಿಸುತ್ತೆ. ಯಾವುದನ್ನು ಹೇಳಬಾರದು ಅಂತ ತೀರ್ಮಾನಿಸೋದು ಎಷ್ಟು ಕಷ್ಟ ಅನ್ನೋದು, ಖಾಲಿ ರಸ್ತೆಯನ್ನೇ ಅರ್ಧ ಗಂಟೆ ಲೈವ್ ತೋರಿಸೋ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಳೆದ ವರ್ಷ ಮತ್ತೆ ಓದಿದೆ. ಹಾಸ್ಟೆಲ್‌ನಲ್ಲಿ ಓಡಿಸಿಕೊಂಡು ಓದಿದ್ದ ಒಂದು ಜಾಗದಲ್ಲಿ ಈ ಸಲ ನಿಂತೆ. ಆ ಯಕ್ಷಿಣಿಯ ಲೋಕದಲ್ಲಿ ಕ್ತೇಹ್ ಅಂತ ಒಂದು ಜೀವ ಮರದಲ್ಲಿ ವಾಸ ಮಾಡುತ್ತೆ. ಅದಕ್ಕೆ ಮುಂದಾಗೋದೆಲ್ಲ ಕಾಣುತ್ತೆ, ಕೇಳುವವನು ಹಾಳಾಗುವಂಥ ಮಾತನ್ನೇ ಆರಿಸಿ ಆಡುತ್ತೆ. ಕ್ವೋತ್ ಅದರ ಜೊತೆ ಮಾತಾಡಿದ್ದು ಕೆಲವೇ ಪುಟ. ಇತ್ತ ಹೋಟೆಲ್‌ನಲ್ಲಿ ಕತೆ ಕೇಳ್ತಾ ಕೂತ ಅವನ ಶಿಷ್ಯ ಬಾಸ್ಟ್, ಈ ಮಾತು ಬಂದ ಕೂಡಲೇ ಗಡಗಡ ನಡುಗಿಬಿಡ್ತಾನೆ. ಅಂದರೆ ಅಲ್ಲಿಂದಾಚೆ ನಾವು ಅಡ್ಡಾಟ ಅಂದುಕೊಂಡಿದ್ದೆಲ್ಲ ಅಡ್ಡಾಟ ಅಲ್ಲ. ಆಡೆಮ್ ಜನರ ಹತ್ತಿರ ಕತ್ತಿವರಸೆ ಕಲಿತದ್ದು, ದುಡ್ಡು ಮಾಡಿಕೊಂಡು ಕಾಲೇಜಿಗೆ ವಾಪಸ್ಸಾದದ್ದು, ಒಂದೊಂದು ಹೆಜ್ಜೆಯೂ ದುರಂತದ ಕಡೆಗೆ ಇರಬಹುದು.

ಇರಬಹುದು. ಅಲ್ಲೇ ಇರೋದು ಸಮಸ್ಯೆ. ಹೌದೋ ಅಲ್ಲವೋ ಹೇಳಬೇಕಾದದ್ದು ಮೂರನೇ ಪುಸ್ತಕ. ಅದು ಬಂದಿಲ್ಲ. ತಾವು ಅದರ ಒಂದು ಪದವನ್ನೂ ನೋಡಿಲ್ಲ ಅಂತ ಅವರ ಪ್ರಕಾಶಕಿ ಬೆಟ್ಸಿ ವೋಲ್‌ಹೈಮ್ ಅವರೇ 2020ರಲ್ಲಿ ಬರೆದುಕೊಂಡರು. ನಡುವೆ 2014ರಲ್ಲಿ, 2023ರಲ್ಲಿ ಅದೇ ಲೋಕದ ಎರಡು ಸಣ್ಣ ಪುಸ್ತಕ ಬಂದವು. ಅವು ಮೂರನೇ ದಿನ ಅಲ್ಲ. ಎರಡನೇ ಪುಸ್ತಕ ಅದ್ಭುತವೋ ಕಾಲಹರಣವೋ ಅಂತ ತೀರ್ಪು ಕೊಡೋಕೆ ಕೂತವರ ಕೈಯಲ್ಲಿ ಅರ್ಧ ಸಾಕ್ಷ್ಯ ಮಾತ್ರ ಇದೆ.

ಪುಸ್ತಕ ಕೊಂಡ ಮಾತ್ರಕ್ಕೆ ಲೇಖಕರು ನಮ್ಮ ಕೂಲಿಯಾಳಲ್ಲ, ಬರೆಯೋಕೆ ಆಗದೇ ಇದ್ದರೆ ಅದು ಅವರ ಸಂಕಟ. ಬೈಯೋರನ್ನು ಕಂಡರೆ ನನಗೂ ಬೇಜಾರು. ಆದರೆ ಮೂರು ದಿನ ಅಂತ ಹೇಳಿದ್ದು ನಾವಲ್ಲವಲ್ಲ?

ಮೊನ್ನೆ ರೂಮ್‌ಮೇಟ್‌ಗೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ ಇತ್ತು ಕಣೋ ಅಂದೆ. ಅವನು ನಕ್ಕ. "ನಾನೀಗ ನಿನ್ನ ಪಾರ್ಟಿ ಮಾರಾಯ. ಅಲ್ಲಿ ಅರ್ಥ ಇದೆ ಅಂತ ನಂಬ್ಕೊಂಡು ಸಾಕಾಯ್ತು" ಅಂದ. ಪುಸ್ತಕ ಇನ್ನೂ ನನ್ನ ಹತ್ರಾನೇ ಇದೆ, ಕಳಿಸ್ಲಾ ಅಂತ ಕೇಳಿದೆ. ಮೂರನೇದು ಬಂದ ದಿನ ಕಳಿಸು ಅಂದ.